ಹಳೇ ಲೆನ್ಸಿಗೆ ಬಾಡಿ ಹುಡುಕುವಾಗ ಮೊದಲು ವ್ಯೂಫೈಂಡರ್ ನೋಡಿ

ಮನೆಯಲ್ಲಿ ಹಳೇ ಮ್ಯಾನುಯಲ್ ಲೆನ್ಸ್ ಇದೆ, ಯಾವ ಮಿರರ್‌ಲೆಸ್ ಕ್ಯಾಮೆರಾ ಬಾಡಿ ತಗೊಳ್ಳಲಿ ಅಂತ ಕೇಳುವವರು ಸಾಮಾನ್ಯವಾಗಿ ಮೆಗಾಪಿಕ್ಸೆಲ್ ಮತ್ತು ಆಟೋಫೋಕಸ್ ಹೋಲಿಸಿ ನೋಡಿರುತ್ತಾರೆ. ಆದರೆ ಫೋಕಸ್ ಮಾಡುವುದು ನಿಮ್ಮ ಕೈ ಮತ್ತು ಕಣ್ಣು ಅಲ್ವಾ? ಹಾಗಾಗಿ ನಾನು ಮೊದಲು ನೋಡುವುದು ವ್ಯೂಫೈಂಡರನ್ನು, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯನ್ನು.

ಮೌಂಟ್, ಅಂದರೆ ಲೆನ್ಸ್ ಬಾಡಿಗೆ ಕೂರುವ ಜಾಗ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಿರುಗಿಸಿ ಕೂರಿಸುವ ಹಳೇ ಎಂ42 ಲೆನ್ಸಿನ ಮೌಂಟಿಗೂ ಫಿಲ್ಮಿಗೂ ನಡುವೆ 45.46 ಮಿ.ಮೀ. ದೂರ ಬೇಕು. ಸೋನಿ ಇ ಮೌಂಟಿನಲ್ಲಿ ಆ ದೂರ 18, ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20 ಮಿ.ಮೀ. ಅಷ್ಟೇ. ಉಳಿದ ಜಾಗವನ್ನು ಗಾಜಿಲ್ಲದ ಅಡಾಪ್ಟರ್ ತುಂಬುತ್ತದೆ. ಅದು ಅಲುಗಾಡದೆ ಬಿಗಿಯಾಗಿ ಕೂತರೆ ಸಾಕು.

ವ್ಯೂಫೈಂಡರಿನಲ್ಲಿ ಹಾಗಲ್ಲ, ವ್ಯತ್ಯಾಸ ದೊಡ್ಡದು. ಸೋನಿ ಎ7ಸಿಯಲ್ಲಿ ವ್ಯೂಫೈಂಡರ್ ಹಿಗ್ಗಿಸುವುದು 0.59 ಪಟ್ಟು. ನಿಕಾನ್ ಝಡ್6ರಲ್ಲಿ 0.8 ಪಟ್ಟು, ಒಳಗಿನ ಪರದೆಯ ಡಾಟ್‌ಗಳೂ ಜಾಸ್ತಿ, ಸುಮಾರು 36.9 ಲಕ್ಷ. ಎ7ಸಿ ಪುಟ್ಟದು, ಚೆಂದದ್ದು, ಆದರೂ ಈ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ. ಅಪರ್ಚರ್ ತುಂಬಾ ತೆರೆದ ಎಫ್/1.4ರಲ್ಲಿ ಕಣ್ಣಿನ ರೆಪ್ಪೆಗೂ ಮೂಗಿನ ತುದಿಗೂ ಫೋಕಸ್ ಬೇರೆ. ಫೋಕಸ್ ಆದ ಅಂಚನ್ನು ತೋರಿಸುವ ಫೋಕಸ್ ಪೀಕಿಂಗ್‌ನ ಬಣ್ಣದ ಗೆರೆ ಎರಡೂ ಕಡೆ ಹೊಳೆದು ಮೋಸ ಮಾಡುತ್ತದೆ. ಅಂದಾಜಿಗೆ ಪೀಕಿಂಗ್ ಇರಲಿ, ಕೊನೆಯ ತೀರ್ಮಾನ ಮ್ಯಾಗ್ನಿಫೈ ಮಾಡಿಯೇ ಆಗಬೇಕು. ಆ ಬಟನ್ ಹೆಬ್ಬೆರಳಿಗೆ ಸುಲಭವಾಗಿ ಸಿಗಬೇಕು.

ಸೆನ್ಸರ್ ಫುಲ್ ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದು, ಆಗಿದ್ದರೆ ಒಳ್ಳೆಯದು. ಹೀಲಿಯೋಸ್ 44-2 ಲೆನ್ಸ್ ತಗೊಳ್ಳಿ, 58 ಮಿ.ಮೀ., ಎಫ್/2. ಫ್ಯೂಜಿಯ ಎಪಿಎಸ್-ಸಿ (ಸಣ್ಣ ಸೆನ್ಸರಿನ) ಬಾಡಿಗೆ ಹಾಕಿದರೆ ನೋಟ 87 ಮಿ.ಮೀ. ಲೆನ್ಸಿನಷ್ಟು ಕಿರಿದಾಗುತ್ತದೆ. ಮುಖದ ಚಿತ್ರಕ್ಕೆ ಅದೇನೂ ಕೆಟ್ಟದ್ದಲ್ಲ. ಆದರೆ ಹೀಲಿಯೋಸ್ ಬೇಕು ಅನ್ನುವವರು ಹುಡುಕುವುದೇ ಹಿನ್ನೆಲೆ ಸುಳಿಯಂತೆ ತಿರುಗುವ ಆ ನೋಟವನ್ನು. ಅದು ಕಾಣುವುದು ಅಂಚಿನಲ್ಲಿ, ಕತ್ತರಿಸಿ ಹೋಗುವುದೂ ಆ ಅಂಚೇ.

ಬಾಡಿಯೊಳಗೆ ಸ್ಟೆಬಿಲೈಸೇಶನ್, ಅಂದರೆ ಸೆನ್ಸರ್ ಸರಿಸಿ ಕೈ ನಡುಕ ಸರಿದೂಗಿಸುವ ವ್ಯವಸ್ಥೆ, ಇರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ಎಚ್ಚರವಾಗಿರಿ: 2013ರ ಸೋನಿ ಎ7ರಲ್ಲಿ ಅದಿಲ್ಲ, 2014ರ ಎ7 II ರಲ್ಲಿ ಇದೆ. ಹಳೇ ಲೆನ್ಸ್ ಬಾಡಿಗೆ ಏನನ್ನೂ ತಿಳಿಸುವುದಿಲ್ಲ, ಹಾಗಾಗಿ ಫೋಕಲ್ ಲೆಂತ್ ಅನ್ನು ಮೆನುವಿನಲ್ಲಿ ನೀವೇ ಹಾಕಬೇಕು. 135 ಮಿ.ಮೀ. ತೆಗೆದು 28 ಹಾಕಿದಾಗ ಅದನ್ನು ಬದಲಿಸದಿದ್ದರೆ ಸೆನ್ಸರ್ ಬೇಕಾದ್ದಕ್ಕಿಂತ ಜಾಸ್ತಿ ಸರಿದು, ಚಿತ್ರ ಅದರಿಂದಲೇ ಅಲುಗಿದಂತೆ ಬರುತ್ತದೆ.

ಲೈಕಾ ಎಂ ಮೌಂಟಿನ ವೈಡ್ ಲೆನ್ಸ್ ಇರುವವರ ವಿಷಯ ಬೇರೆ. ಅವುಗಳ ಹಿಂದಿನ ಗಾಜು ಸೆನ್ಸರಿಗೆ ತೀರಾ ಹತ್ತಿರ ಬರುತ್ತದೆ, ಬೆಳಕು ಮೂಲೆಗಳಿಗೆ ಓರೆಯಾಗಿ ಬೀಳುತ್ತದೆ. ಸೆನ್ಸರಿನ ಮೇಲಿನ ಗಾಜು ದಪ್ಪವಿದ್ದಷ್ಟೂ ಮೂಲೆ ಕಲಸಿಹೋಗುತ್ತದೆ. ಇದರಲ್ಲಿ ಸೋನಿಗಿಂತ ನಿಕಾನ್ ಝಡ್ ಬಾಡಿಗಳು ವಾಸಿ.

ಅಂಗಡಿಗೆ ಹೋಗುವಾಗ ನಿಮ್ಮ ಲೆನ್ಸ್, ಅಡಾಪ್ಟರ್ ಎರಡನ್ನೂ ಒಯ್ಯಿರಿ. ಶಟರ್ ಬೀಳದಿದ್ದರೆ ಗಾಬರಿ ಬೇಡ, ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಮೆನುವಿನಲ್ಲಿರುತ್ತದೆ, ಅದನ್ನು ಆನ್ ಮಾಡಿ. ಅಪರ್ಚರ್ ಪೂರ್ತಿ ತೆರೆದು, ಎದುರು ರಸ್ತೆಯ ಬೋರ್ಡಿನ ಸಣ್ಣ ಅಕ್ಷರಕ್ಕೆ ಫೋಕಸ್ ಮಾಡಿ. ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ನೋಡಿ, ನಾಲ್ಕೂ ಮೂಲೆ ಕಾಣುತ್ತವೆಯೇ ಅಂತ.