ಉಪಗ್ರಹ ಲಿಂಕ್: ರಸ್ತೆ ಅಗಲವಾಗಿದೆ, ಲಾರಿ ಒಂದೇ

"ಡಬಲ್ ದುಡ್ಡು ಕಟ್ತಿದ್ದೀವಿ ಸರ್, ಫೈಲ್ ಹೋಗೋಕೆ ಮಾತ್ರ ಮೊದಲಿನಷ್ಟೇ ಹೊತ್ತು." ಮಲೆನಾಡಿನ ಸಹಕಾರಿ ಸಂಘವೊಂದರ ಮ್ಯಾನೇಜರ್ ಹೀಗೆ ಹೇಳಿಕೊಂಡರು. ವಿಸ್ಯಾಟ್ (ಸಣ್ಣ ಡಿಶ್ ಮೂಲಕ ಉಪಗ್ರಹ ಸಂಪರ್ಕ) ಲಿಂಕನ್ನು 2 ಎಂಬಿಪಿಎಸ್‌ನಿಂದ 4ಕ್ಕೆ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಏರಿಸಿದ್ದರು. ಅವರೆದುರೇ ಪಿಂಗ್ ಹಾಕಿದೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತು ಅಳೆದೆ: ಸುಮಾರು 600 ಮಿಲಿಸೆಕೆಂಡ್, ಒಂದು ಪ್ಯಾಕೆಟ್ಟೂ (ಡೇಟಾದ ತುಂಡು) ಕಳೆದಿಲ್ಲ. ಲಿಂಕ್ ಚೆನ್ನಾಗಿಯೇ ಇತ್ತು.

ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ನಮ್ಮ ಕೋರಿಕೆ ಮೇಲೇರಿ ಕಂಪನಿಯ ಭೂಕೇಂದ್ರವಾದ ಹಬ್‌ಗೆ ಇಳಿದು, ಉತ್ತರ ಮತ್ತೆ ಏರಿ ಇಳಿಯುವಷ್ಟರಲ್ಲಿ ಸುಮಾರು 1,44,000 ಕಿ.ಮೀ. ಆಗುತ್ತದೆ. ಬೆಳಕಿನ ವೇಗದಲ್ಲಿ ಓಡಿದರೂ ಅರ್ಧ ಸೆಕೆಂಡಿನಷ್ಟು ಬೇಕು. ಮೋಡೆಮ್ ತನ್ನ ಸರದಿಗೆ ಕಾಯುವ ಹೊತ್ತೂ ಸೇರಿ 600. ಯಾವ ಪ್ಯಾಕೇಜ್ ಕೊಂಡರೂ ಆ ಅರ್ಧ ಸೆಕೆಂಡ್ ಇಳಿಯದು.

ಇನ್ನು ಡೇಟಾ ಸಾಗಿಸುವ ನಿಯಮವಾದ ಟಿಸಿಪಿಯ ರೀತಿ ನೋಡಿ. ಒಂದಿಷ್ಟು ಡೇಟಾ ಕಳಿಸಿ, "ಮುಟ್ಟಿತು" ಎಂಬ ರಸೀದಿ ಬರುವವರೆಗೆ ಕಾಯುತ್ತದೆ. ಆ "ಒಂದಿಷ್ಟು" ಎಂಬುದೇ ವಿಂಡೋ. ಹಳೆಯ ಲೆಕ್ಕದಲ್ಲಿ ಅದರ ಮಿತಿ 64 ಕೆಬಿ (ಕಿಲೋಬೈಟ್; ಒಂದು ಬೈಟ್ ಎಂದರೆ 8 ಬಿಟ್). 0.6 ಸೆಕೆಂಡಿಗೊಮ್ಮೆ 64 ಕೆಬಿ ಎಂದರೆ ಸುಮಾರು 0.87 ಎಂಬಿಪಿಎಸ್, ಅಷ್ಟೇ. ಇರುವ ಒಂದೇ ಲಾರಿ ಅಕ್ಕಿ ಇಳಿಸಿ ವಾಪಸ್ ಬರಬೇಕು. ರಸ್ತೆಯನ್ನು ಎಷ್ಟು ಅಗಲ ಮಾಡಿದರೂ ಗೋದಾಮು ಬೇಗ ತುಂಬುವುದಿಲ್ಲ. 4 ಎಂಬಿಪಿಎಸ್ ಪೂರ್ತಿ ಬಳಕೆಯಾಗಲು ದಾರಿಯಲ್ಲಿ ಯಾವಾಗಲೂ ಸುಮಾರು 300 ಕೆಬಿ ಇರಬೇಕು.

ವಿಂಡೋ ದೊಡ್ಡದು ಮಾಡುವ ಸ್ಕೇಲಿಂಗ್ ಸೌಲಭ್ಯ 1992ರಲ್ಲೇ ಬಂದಿದೆ, ಈಗಿನ ಕಂಪ್ಯೂಟರುಗಳಲ್ಲೆಲ್ಲ ಇದೆ. ಹಾಗಿದ್ದರೆ ಇಲ್ಲೇನಾಗಿತ್ತು? ಪ್ಯಾಕೆಟ್ ಹಿಡಿದು ನೋಡಿದೆ. ಕಂಪ್ಯೂಟರಿನಿಂದ ಹೊರಡುವಾಗ ಇದ್ದ ಸ್ಕೇಲಿಂಗ್ ಗುರುತು ಕಚೇರಿ ಜಾಲದ ಕಾವಲು ಸಾಧನವಾದ ಫೈರ್‌ವಾಲ್ ದಾಟುವಾಗ ಮಾಯವಾಗುತ್ತಿತ್ತು. ಯಾರೋ ಯಾವತ್ತೋ ಹಾಕಿಟ್ಟ ಸೆಟ್ಟಿಂಗ್. ತೆಗೆದ ಮೇಲೆ ಅದೇ ಫೈಲ್ 3 ಎಂಬಿಪಿಎಸ್ ದಾಟಿ ಹೋಯಿತು. ಆ ಗ್ರಾಫ್ ಏರಿದ್ದು ಕಂಡು ಮ್ಯಾನೇಜರ್‌ಗಿಂತ ನನಗೇ ಹೆಚ್ಚು ಖುಷಿಯಾಯಿತು.

"ನಮ್ಮ ಮೋಡೆಮ್‌ನಲ್ಲೇ ವೇಗವರ್ಧಕ ಇದೆಯಂತಲ್ಲ?" ಎಂದೂ ಕೇಳಿದರು. ಇದೆ. ಪೆಪ್ ಅಂತೀವಿ. ಆಚೆ ಕಡೆಯ ರಸೀದಿ ಬರುವ ಮೊದಲೇ ಮೋಡೆಮ್ ತಾನೇ ರಸೀದಿ ಕೊಟ್ಟು ಮುಂದಿನ ಕಂತು ತರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಟಿಸಿಪಿ ಹೆಡರ್ (ಪ್ಯಾಕೆಟ್ಟಿನ ಮೇಲಿನ ವಿವರ ಚೀಟಿ) ಕಾಣಬೇಕು. ಇವರಲ್ಲಿ ಎಲ್ಲವೂ ಮೊದಲೇ ವಿಪಿಎನ್ ಎಂಬ ಗುಪ್ತ ಸುರಂಗದ ಒಳಗೆ ಮುಚ್ಚಿಕೊಂಡು ಬರುತ್ತಿತ್ತು. ಮೋಡೆಮ್‌ಗೆ ಏನೂ ಕಾಣುತ್ತಿರಲಿಲ್ಲ. ಪೆಪ್ ಬೇಕೆಂದರೆ ವಿಪಿಎನ್‌ಗಿಂತ ಒಳಗೆ, ಎರಡೂ ತುದಿಯಲ್ಲಿ ಕೂರಿಸಬೇಕು. ಹಾಗೆಂದು ವಿಪಿಎನ್ ತೆಗೆಯಿರಿ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ, ಅದು ಜನರ ದುಡ್ಡಿನ ಲೆಕ್ಕ. ಪೆಪ್ ಕೊಟ್ಟ ರಸೀದಿ ಸರ್ವರ್ ಕೊಟ್ಟದ್ದಲ್ಲ ಎಂಬುದೂ ನೆನಪಿರಲಿ. ಹಣ ಜಮೆಯಾಯಿತೋ ಇಲ್ಲವೋ ಎಂಬುದನ್ನು ಅಪ್ಲಿಕೇಶನ್ನೇ ಸರ್ವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ವೆಬ್ ಪುಟ ತೆರೆಯುವ ತೊಂದರೆ ಬೇರೆ. ಅಲ್ಲಿ ಡೇಟಾ ಕಡಿಮೆ, ಓಡಾಟ ಹೆಚ್ಚು: ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಲು (ಇದೇ ಡಿಎನ್‌ಎಸ್) ಒಂದು ಸುತ್ತು, ಸಂಪರ್ಕಕ್ಕೆ ಒಂದು, ಮಾಹಿತಿಗೆ ಬೀಗ ಹಾಕುವ ಟಿಎಲ್‌ಎಸ್ 1.2 ಇದ್ದರೆ ಎರಡು, ಪುಟಕ್ಕೆ ಇನ್ನೊಂದು. ಪರದೆ ಮೇಲೆ ಒಂದಕ್ಷರ ಮೂಡುವ ಮೊದಲೇ ಮೂರು ಸೆಕೆಂಡ್ ಕಳೆದಿರುತ್ತದೆ. ಡಿಎನ್‌ಎಸ್ ಕ್ಯಾಶ್ (ಹುಡುಕಿದ ವಿಳಾಸಗಳ ನೆನಪು) ಕಚೇರಿಯಲ್ಲೇ ಇಟ್ಟು, ಸರ್ವರಿನವರಿಗೆ ಹೇಳಿ ಟಿಎಲ್‌ಎಸ್ 1.3 ಹಾಕಿಸಿದರೆ ಎರಡು ಸುತ್ತು ಕಡಿಮೆಯಾಗುತ್ತದೆ. ಇವರ ಕಚೇರಿಯಲ್ಲಿ ಮೊದಲನೆಯದನ್ನು ಅವತ್ತೇ ಮಾಡಿದೆ. ಎರಡನೆಯದಕ್ಕೆ ಮ್ಯಾನೇಜರ್ ಅಲ್ಲೇ ಕೂತು ಪತ್ರ ಬರೆದರು.