8 ಡಿಗ್ರಿ ಚಳಿಯಲ್ಲಿ ದೋಣಿಗೆ ಎಪಾಕ್ಸಿ ಹಚ್ಚಬಹುದೇ?

ಪ್ರಶ್ನೆ: ನಾನಿರುವುದು ಬ್ರಿಟನ್ನಿನಲ್ಲಿ. ಮರದ ದೋಣಿಯನ್ನು ಚಳಿಗಾಲಕ್ಕೆ ದಡಕ್ಕೆಳೆದು ಶೆಡ್ಡಿನಲ್ಲಿಟ್ಟಿದ್ದೇನೆ. ಒಳಗೆ ಹಗಲಲ್ಲೂ 8 ಡಿಗ್ರಿ. ಎಪಾಕ್ಸಿ (ರೆಸಿನ್ ಎಂಬ ಅಂಟುದ್ರವಕ್ಕೆ ಹಾರ್ಡನರ್ ಎಂಬ ಗಟ್ಟಿಗೊಳಿಸುವ ದ್ರವ ಬೆರೆಸಿ ಮಾಡುವ ಲೇಪ) ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಪಾಲಿಯೆಸ್ಟರ್ ರೆಸಿನ್ ಬಳಸಿ ರೂಢಿಯಾದವರಿಗೆ ಈ ಯೋಚನೆ ಬರುತ್ತದೆ. ಅದನ್ನು ಗಟ್ಟಿಯಾಗಿಸಲು ಹಾಕುವ ಎಂಇಕೆಪಿ ಎಂಬ ರಾಸಾಯನಿಕ ಒಲೆಗೆ ಕಡ್ಡಿ ಗೀರಿದ ಹಾಗೆ. ಶೇ 1–2ರ ನಡುವೆ ಏರಿಳಿಸಿ ವೇಗ ಹೊಂದಿಸಿಕೊಳ್ಳಬಹುದು. ಎಪಾಕ್ಸಿಯ ಹಾರ್ಡನರ್ ಹಾಗಲ್ಲ, ಅದು ತಾನೇ ರೆಸಿನ್ ಜೊತೆ ಬೆಸೆದುಕೊಳ್ಳುತ್ತದೆ. ಹೆಚ್ಚಾಗಿ ಹಾಕಿದ್ದು ಜೋಡಿ ಸಿಗದೆ ಉಳಿದು ಪದರವನ್ನು ಮೆತ್ತಗಾಗಿಸುತ್ತದೆ.

ಪ್ರಮಾಣ ಬಿಟ್ಟು ಹಾರ್ಡನರನ್ನೇ ಬದಲಿಸಿ. ವೆಸ್ಟ್ ಸಿಸ್ಟಮ್ ಬ್ರ್ಯಾಂಡಿನ 105 ರೆಸಿನ್‌ಗೆ ಬರುವ ನಿಧಾನದ 206 ಹಾರ್ಡನರ್ 16 ಡಿಗ್ರಿಗಿಂತ ಕೆಳಗೆ ಆಗದು. ಚುರುಕಿನ 205 ಸುಮಾರು 4 ಡಿಗ್ರಿವರೆಗೂ ನಡೆಯುತ್ತದೆ. ಎರಡಕ್ಕೂ ಅಳತೆ ಒಂದೇ: 5 ಪಾಲು ರೆಸಿನ್, 1 ಪಾಲು ಹಾರ್ಡನರ್. ತಾಪ 10 ಡಿಗ್ರಿ ಇಳಿದರೆ ಗಟ್ಟಿಯಾಗುವ ಸಮಯ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ 6–8 ಗಂಟೆ ಸಾಕಾಗುವ 205 ನಿಮ್ಮ ಶೆಡ್ಡಿನಲ್ಲಿ ಒಂದು ಹಗಲು ಒಂದು ರಾತ್ರಿ ಕೇಳೀತು. ಅಲ್ಲಿಯವರೆಗೆ ಕ್ಲ್ಯಾಂಪ್ ಬಿಚ್ಚಬೇಡಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ರಾತ್ರಿಯ ತಾಪವನ್ನು, ಹಗಲಿನದನ್ನಲ್ಲ.

ಡಬ್ಬಿಗಳನ್ನು ಮನೆಯೊಳಗೆ 20–25 ಡಿಗ್ರಿಯಲ್ಲಿಡಿ. ತಣ್ಣಗಾದ ರೆಸಿನ್ ಜೋನಿಬೆಲ್ಲದಂತೆ ಮಂದವಾಗಿ, ಪಂಪ್ ಒತ್ತಿದಾಗ ಅರೆಬರೆ ಬರುತ್ತದೆ. ತೆಳು ಹಾರ್ಡನರ್ ಮಾತ್ರ ಪೂರ್ತಿ ಸುರಿಯುತ್ತದೆ. ಬೇಡವೆಂದುಕೊಂಡರೂ ಹಾರ್ಡನರ್ ಹೆಚ್ಚಾಗುವುದು ಹೀಗೆ! ರೆಸಿನ್ ಹಾಲಿನಂತೆ ಮಂಕಾಗಿ ಹರಳುಗಟ್ಟಿದ್ದರೆ ಎಸೆಯಬೇಡಿ. ಡಬ್ಬಿಯನ್ನು 50 ಡಿಗ್ರಿ ಬಿಸಿನೀರಿನಲ್ಲಿಟ್ಟು ಕಲಕಿದರೆ ತಿಳಿಯಾಗುತ್ತದೆ.

ದೋಣಿಗೆ ಟಾರ್ಪಾಲು ಹೊದಿಸಿ, ಒಳಗೆ ವಿದ್ಯುತ್ ಹೀಟರ್ ಇಡಿ. ಮರ ನಿಧಾನಕ್ಕೆ ಕಾಯುವುದರಿಂದ ಹಿಂದಿನ ದಿನವೇ ಶುರು ಮಾಡಬೇಕು. ಬರೀ ಮರಕ್ಕೆ ಮೊದಲ ಕೋಟ್ ಹಚ್ಚುವಾಗ ಹೀಟರ್ ತಗ್ಗಿಸಿ: ಮರ ಬಿಸಿಯೇರುತ್ತಿದ್ದರೆ ಅದರೊಳಗಿನ ಗಾಳಿ ಹಿಗ್ಗಿ ಹೊರಬಂದು ಕೋಟ್ ತುಂಬ ಗುಳ್ಳೆ ಏಳುತ್ತದೆ. ಮರ ತಣ್ಣಗಾಗುತ್ತಿದ್ದರೆ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಹೊಗೆಕೊಳವೆ ಇಲ್ಲದ ಗ್ಯಾಸ್, ಸೀಮೆಎಣ್ಣೆ ಹೀಟರ್ ಬೇಡ. ಅವು ಉಗುಳುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕದ ಜೊತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಟ್ಟುತ್ತದೆ. ಇಬ್ಬನಿಯೂ ಅಷ್ಟೇ ಕೆಟ್ಟದ್ದು. ಗಾಳಿ 10 ಡಿಗ್ರಿ, ತೇವಾಂಶ ಶೇ 80 ಇದ್ದರೆ ಇಬ್ಬನಿ ಕಟ್ಟುವುದು 7 ಡಿಗ್ರಿಯ ಆಸುಪಾಸಿನಲ್ಲಿ. ದೋಣಿಯ ಮೈ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಗಾಳಿಯದ್ದಲ್ಲ, ಮರದ್ದೇ ತಾಪ ಅಳೆಯಿರಿ.

ಜಿಡ್ಡು ಕಟ್ಟಿದೆಯೆಂದು ಉಪ್ಪುಕಾಗದ ಹಿಡಿಯಬೇಡಿ. ಉಜ್ಜಿದರೆ ಅದು ಗೀರುಗಳೊಳಗೆ ಇಳಿಯುತ್ತದೆ, ಮೇಲೆ ಹಚ್ಚಿದ ಬಣ್ಣ ಸಿಪ್ಪೆಯೇಳುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು. ಬರೀ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಸಾಕು. ಒರೆಸಿ ಒಣಗಿದ ಮೇಲೆ 80ರ ಉಪ್ಪುಕಾಗದದಲ್ಲಿ ತರಿ ಮಾಡಿಕೊಂಡು ಮುಂದಿನ ಕೋಟ್ ಹಚ್ಚಿ.