ಮುಚ್ಚಿಹೋದ ಕಂದಕದಲ್ಲಿ ಕೃಷಿಯ ಚರಿತ್ರೆ

ಒಮ್ಮೆ ಅಗೆದ ನೆಲ ಮತ್ತೆ ಮೊದಲಿನಂತಾಗುವುದಿಲ್ಲ. ಸಾವಿರಾರು ವರ್ಷಗಳ ಹಿಂದೆ ರೈತರು ಹೊಲದ ಎಲ್ಲೆಗೆಂದು ತೋಡಿದ ಕಂದಕ ಮಣ್ಣು ತುಂಬಿ ಸಮತಟ್ಟಾಗಿರುತ್ತದೆ. ಅದರ ಮೇಲೆ ನೇಗಿಲು, ಆಮೇಲೆ ಟ್ರ್ಯಾಕ್ಟರ್ ಹಾದುಹೋಗಿರುತ್ತವೆ. ನಿಂತು ನೋಡಿದವರಿಗೆ ಕಾಣುವುದು ಬರೀ ಬೆಳೆ. ಆದರೆ ಹಾಗೆ ತುಂಬಿಕೊಂಡ ಮಣ್ಣು ಸುತ್ತಲಿನ ಗಟ್ಟಿ ನೆಲಕ್ಕಿಂತ ಸಡಿಲ. ಅದರಲ್ಲಿ ಕೊಳೆತ ಎಲೆ, ಬೇರುಗಳ ಅಂಶ ಹೆಚ್ಚು, ತೇವವೂ ಬೇಗ ಆರುವುದಿಲ್ಲ. ಹಳೆಯ ಹೊಲಗಳ ಎಲ್ಲೆ, ದನಕುರಿಗಳ ದೊಡ್ಡಿಗಳನ್ನು ಹುಡುಕುವವರಿಗೆ ಈ ವ್ಯತ್ಯಾಸವೇ ದೊಡ್ಡ ಆಧಾರ.

ಮಳೆ ಕೈಕೊಟ್ಟ ವರ್ಷ ಅದು ಬರಿಗಣ್ಣಿಗೇ ಕಾಣಿಸುತ್ತದೆ. ಸುತ್ತಲಿನ ಪೈರು ಬಾಡಿ ಹಳದಿಯಾದಾಗ ಕಂದಕದ ಮೇಲಿನ ಪೈರು ಇನ್ನೂ ಹಸಿರಾಗಿ, ಒಂದಿಷ್ಟು ಎತ್ತರವಾಗಿ ನಿಂತಿರುತ್ತದೆ. ಹೂತ ಕಲ್ಲುಗೋಡೆಯ ಮೇಲಾದರೆ ಇದಕ್ಕೆ ವಿರುದ್ಧ: ಬೇರಿಳಿಯಲು ಜಾಗವಿಲ್ಲದೆ ಗಿಡ ಬೇಗ ಒಣಗುತ್ತದೆ. ಬದುವಿನ ಮೇಲೆ ನಿಂತವರಿಗೆ ಚದುರಿದ ಕಲೆಗಳಾಗಿ ತೋರುವುದು ಆಕಾಶದಿಂದ ನಕ್ಷೆಯಾಗಿ ಕೂಡಿಕೊಳ್ಳುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಓ.ಜಿ.ಎಸ್. ಕ್ರಾಫರ್ಡ್ ವಿಮಾನದಿಂದ ತೆಗೆದ ಚಿತ್ರಗಳನ್ನು ಈ ಕೆಲಸಕ್ಕೆ ಪಳಗಿಸಿದರು. 2018ರ ಬೇಸಿಗೆಯ ಬರದಲ್ಲಿ ಐರ್ಲೆಂಡಿನ ಪ್ರಾಚೀನ ಸಮಾಧಿ ದಿಬ್ಬವಾದ ನ್ಯೂಗ್ರೇಂಜ್ ಬಳಿಯ ಹೊಲವೊಂದರಲ್ಲಿ, ಅದುವರೆಗೆ ಯಾರಿಗೂ ಗೊತ್ತಿರದ ಬೃಹತ್ ವೃತ್ತಾಕಾರದ ಆವರಣವೊಂದು ಡ್ರೋನ್ ಕ್ಯಾಮೆರಾಕ್ಕೆ ಸಿಕ್ಕಿತು.

ಬರಕ್ಕಾಗಿ ಕಾಯಲಾಗದವರು ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ಹೊಲದುದ್ದಕ್ಕೂ ನಡೆಯುತ್ತಾರೆ. ಬೆಂಕಿಯಿಂದಲೂ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದಲೂ ಮೇಲ್ಮಣ್ಣಿನ ಕಬ್ಬಿಣದ ಅಂಶ ಹೆಚ್ಚು ಕಾಂತೀಯವಾಗುತ್ತದೆ. ಕಂದಕ ತುಂಬಿರುವುದು ಬಹುಪಾಲು ಅಂಥ ಮಣ್ಣಿನಿಂದಲೇ. ಭೂಮಿಯ ಕಾಂತಕ್ಷೇತ್ರ ಸುಮಾರು 50,000 ನ್ಯಾನೊಟೆಸ್ಲಾ ಇದ್ದರೆ, ಕಂದಕ ಅದಕ್ಕೆ ಸೇರಿಸುವುದು ಹೆಚ್ಚಾಗಿ ಕೆಲವೇ ನ್ಯಾನೊಟೆಸ್ಲಾ. ಅಷ್ಟೇ ಸಾಕು.

ಹುಡುಕುವುದು ಇಲ್ಲಿಗೆ ಮುಗಿಯಿತು. ನಿಜವಾದ ಕಷ್ಟ ಮುಂದಿದೆ. ಎಲ್ಲೆಯ ಕಂದಕದಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹೊಲದ ಅಂಚಿಗೆ ಯಾರೂ ಒಡವೆ ಒಯ್ಯುವುದಿಲ್ಲ. ಸಿಕ್ಕರೆ ಮೂಳೆಯ ಚೂರು, ಸವೆದ ಮಡಕೆಯ ಒಂದೆರಡು ತುಂಡು. ಆದ್ದರಿಂದ ಓದಬೇಕಾದದ್ದು ಮಣ್ಣನ್ನೇ. ಕಂದಕಕ್ಕೆ ಅಡ್ಡಲಾಗಿ ಅಗೆದು, ಗೋಡೆಯನ್ನು ಕರಣೆಯಿಂದ ನಯವಾಗಿ ಹೆರೆದರೆ ಪದರುಗಳು ಎದ್ದು ಕಾಣುತ್ತವೆ. ಅಡಿಯಲ್ಲಿ, ತೋಡಿದ ಹೊಸತರಲ್ಲಿ ಎರಡೂ ಬದಿಯಿಂದ ಕುಸಿದ ಒರಟು ಮಣ್ಣು, ಕಲ್ಲುಪುಡಿ. ಅದರ ಮೇಲೆ ಮಳೆನೀರು ನಿಧಾನವಾಗಿ ತಂದು ಕೂರಿಸಿದ ನಯವಾದ ಮಣ್ಣು. ಎಲ್ಲಕ್ಕಿಂತ ಮೇಲೆ ಉಳುಮೆ ತಳ್ಳಿಹಾಕಿದ ಮಣ್ಣು. ಸುಣ್ಣದ ಅಂಶವಿರುವ ನೆಲವಾದರೆ ಅಂಗುಲದಷ್ಟೂ ಇರದ ಬಸವನಹುಳದ ಚಿಪ್ಪುಗಳು ಉಳಿದಿರುತ್ತವೆ. ಕೆಲವು ಜಾತಿಯವು ನೆರಳಲ್ಲಿ ಬಾಳುವಂಥವು, ಕೆಲವು ಬಯಲಲ್ಲಿ. ಕಂದಕದ ಪಕ್ಕ ಪೊದೆಬೇಲಿ ಇತ್ತೋ, ಬಯಲು ಹುಲ್ಲುಗಾವಲಿತ್ತೋ ಎಂಬುದಕ್ಕೆ ಅವೇ ಸಾಕ್ಷಿ.

ಕಂದಕ ಹೇಗೆ ತುಂಬುತ್ತದೆ ಎಂದು ಊಹಿಸುತ್ತ ಕೂರದೆ, ಇಂಗ್ಲೆಂಡಿನ ಓವರ್ಟನ್ ಡೌನ್ ಎಂಬಲ್ಲಿ ಸಂಶೋಧಕರು 1960ರಲ್ಲಿ ಹೊಸದಾಗಿಯೇ ಒಂದು ಕಂದಕ ತೋಡಿ, ಪಕ್ಕದಲ್ಲಿ ಒಡ್ಡು ಹಾಕಿ ಬಿಟ್ಟರು. ಕಾಲದ ಅಂತರವನ್ನು ಇಮ್ಮಡಿಸುತ್ತ, 128 ವರ್ಷಗಳವರೆಗೂ ಆಗಾಗ ಸೀಳಿ ನೋಡುವ ಯೋಜನೆ ಅದು. ಶುರುಮಾಡಿದವರಾರೂ ಕೊನೆಯ ಫಲಿತಾಂಶ ಕಾಣುವವರಲ್ಲ. ವಿಜ್ಞಾನದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಇಂಥ ತಾಳ್ಮೆಯೇ.

ಕಾಲ ನಿರ್ಣಯಿಸಲು ಹೊರಟರೆ ಇನ್ನೊಂದು ತೊಡಕು. ತಳದಲ್ಲಿ ಸಿಕ್ಕ ಇದ್ದಿಲಾಗಲಿ ಮಡಕೆ ಚೂರಾಗಲಿ, ಕಂದಕ ತುಂಬತೊಡಗಿದ ಕಾಲವನ್ನು ಹೇಳೀತೇ ಹೊರತು ತೋಡಿದ ಕಾಲವನ್ನಲ್ಲ. ಎಚ್ಚರದ ರೈತರು ಕೆಲವು ವರ್ಷಗಳಿಗೊಮ್ಮೆ ಹೂಳೆತ್ತುತ್ತಿದ್ದರು. ಹೂಳಿನ ಜೊತೆಗೆ ಹಳೆಯ ಸಾಕ್ಷ್ಯವೂ ಹೋಗುತ್ತಿತ್ತು. ಎಲ್ಲೆಯನ್ನು ಎಷ್ಟು ಚೆನ್ನಾಗಿ ಕಾಪಾಡಿದರೋ ಅದರ ಹುಟ್ಟು ಅಷ್ಟೇ ಮಸುಕಾಗಿದೆ. ಮರಳಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನ ಈಗ ನೆರವಿಗೆ ಬಂದಿದೆ. ಅದು ಹೇಳುವುದೂ ಮಣ್ಣು ಬಂದು ಕೂತ ಕಾಲವನ್ನೇ.

ಐರ್ಲೆಂಡಿನ ಮೇಯೋ ಕೌಂಟಿಯಲ್ಲಿರುವ ಪುರಾತನ ಹೊಲಗಳ ತಾಣ ಕೇಜೆ ಫೀಲ್ಡ್ಸ್‌ನದೂ ಇದೇ ಸಮಸ್ಯೆ. ಅಲ್ಲಿ 1930ರ ದಶಕದಲ್ಲಿ, ಉರುವಲಿಗೆ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ಕಡಿಯುವಾಗ ಅದರ ಅಡಿಯಲ್ಲಿ ಸಾಲುಗಟ್ಟಿದ ಕಲ್ಲುಗಳಿರುವುದನ್ನು ಶಾಲಾಶಿಕ್ಷಕ ಪ್ಯಾಟ್ರಿಕ್ ಕಾಲ್ಫೀಲ್ಡ್ ಗಮನಿಸಿದರು. ಪುರಾತತ್ವಜ್ಞನಾದ ಮಗ ಶೇಮಸ್, ಮೆತ್ತಗಿನ ಪೀಟ್‌ನೊಳಕ್ಕೆ ಕಬ್ಬಿಣದ ಸರಳು ಚುಚ್ಚುತ್ತ, ಅದು ಕಲ್ಲಿಗೆ ತಾಗುವ ಆಳ ಅಳೆಯುತ್ತ, ಅಗೆಯದೆಯೇ ಗೋಡೆಗಳ ಜಾಲವನ್ನು ಗುರುತಿಸಿದರು. ಅವು ಐದೂವರೆ ಸಾವಿರ ವರ್ಷಕ್ಕೂ ಹಳೆಯವು ಎಂಬುದು ಪ್ರಚಲಿತ ಅಭಿಪ್ರಾಯ. ಅಷ್ಟು ಹಳೆಯವಲ್ಲ, ಕಂಚಿನ ಯುಗದವು ಎಂಬ ವಾದವೂ ಈಚೆಗೆ ಬಂದಿದೆ. ಕಲ್ಲಿಗೆ ತನ್ನದೇ ಕಾಲಮಾಪನವಿಲ್ಲ, ಸುತ್ತಲಿನ ಮಣ್ಣಿನಿಂದಲೇ ತರ್ಕಿಸಬೇಕು.

ಕಾಲ ತಿಳಿದರೂ ಬಳಕೆ ತಿಳಿಯಬೇಕಲ್ಲ. ಇಂಗ್ಲೆಂಡಿನ ಫೆನ್‌ಗೇಟ್‌ನಲ್ಲಿ 1970ರ ದಶಕದಲ್ಲಿ ಅಗೆದ ಪುರಾತತ್ವಜ್ಞ ಫ್ರಾನ್ಸಿಸ್ ಪ್ರಯರ್, ಕಂಚಿನ ಯುಗದ ಹೊಲಗಳ ದಾರಿ ಎಷ್ಟೋ ಕಡೆ ಮೂಲೆಯಲ್ಲೇ ಇರುವುದನ್ನು ಕಂಡರು. ಸ್ವತಃ ಕುರಿ ಸಾಕಿದ ಅವರಿಗೆ ಕಾರಣ ಹೊಳೆಯಿತು: ಬೆದರಿದ ಹಿಂಡು ಬೇಲಿಗುಂಟ ಓಡಿ ಮೂಲೆ ಸೇರುತ್ತದೆ, ಬಾಗಿಲು ಅಲ್ಲಿದ್ದರೆ ಹೊರಗೆ ಹಾಯಿಸುವುದು ಸುಲಭ. ಜೋಡಿ ಕಂದಕಗಳ ನಡುವಿನ ಓಣಿಗಳು, ಬೇಸಿಗೆಯಲ್ಲಿ ಜೌಗು ಹುಲ್ಲುಗಾವಲಿಗೂ ಚಳಿಗಾಲದಲ್ಲಿ ಒಣನೆಲಕ್ಕೂ ಹಿಂಡನ್ನು ಸಾಗಿಸುವ ದಾರಿಗಳು ಎಂದು ಅವರು ಅರ್ಥೈಸಿದರು. ಇಂಥ ಜಾಗಗಳಲ್ಲಿ ಮಣ್ಣಿನ ಫಾಸ್ಫೇಟ್ ಅಳೆದು ನೋಡುವುದುಂಟು. ಸಗಣಿ, ಗಂಜಲ ಬಿದ್ದ ಕಡೆ ಸಾವಿರಾರು ವರ್ಷಗಳ ನಂತರವೂ ಅದರ ಪ್ರಮಾಣ ಹೆಚ್ಚಿರುತ್ತದೆ.